ಚಿಗರಿಯ ಬಾಣಂತನ

ನಾನು ಮದುವೆಯಾಗಿ ಸವದತ್ತಿ ಸೀಮೆಯ ಆ ವಾಡೆಗೆ ಬಂದಾಗ ಹಿತ್ತಲಲ್ಲಿ ಒಂದು ಜೋಡಿ ಚಿಗರಿ, ಅಂದರೆ ಜಿಂಕೆ, ಇದ್ದವು. ಮಾವನವರು ಒಮ್ಮೆ ಮುಂಬೈಗೆ ಹೋದಾಗ ಅಲ್ಲಿಯ ತೋಟವೊಂದರಲ್ಲಿ ಕಾಡುಪ್ರಾಣಿಗಳನ್ನು ಸಾಕಿದ್ದು ಕಂಡು ಮರುಳಾಗಿ ಬಂದಿದ್ದರಂತೆ. "ಹುಲಿ ಕರಡಿ ತಗೊಂಡು ಏನ ಮಾಡೂದೈತಿ? ನಮ್ಮ ಎರಿ ಹೊಲದ ಚಿಗರಿ ಮುಂದ ಅವ್ಯಾವ ಲೆಕ್ಕ!" ಎಂದು ಬಲೆ ಹಾಕಿಸಿ ಒಂದು ಗಂಡು, ಒಂದು ಹೆಣ್ಣು ಹಿಡಿಸಿದರು. ಹಿತ್ತಲಿಗೆ ಆಳೆತ್ತರದ ಗೋಡೆ ಕಟ್ಟಿಸಿ ಮೇಲೆ ಮುಳ್ಳು ಹೊದಿಸಿದರು. ಬಂದ ಬೀಗರಿಗೆ ಬೆಲ್ಲ-ನೀರಿಗಿಂತ ಮೊದಲು ಚಿಗರಿಯ ದರ್ಶನ. ಆ ವಾಡೆಗೆ ಹೊರಗಿನಿಂದ ಹಿಡಿದು ತಂದ ಹೆಣ್ಣುಜೀವ ಅಂದರೆ ಆ ಹೆಣ್ಣು ಚಿಗರಿಯೊಂದು, ನಾನೊಂದು. ಅದಕ್ಕೇ ಇರಬೇಕು, ಅದರ ಮೇಲೆ ನನಗೆ ಎಲ್ಲಿಲ್ಲದ ಅಕ್ಕರೆ.

ಮಾವನವರಿಗೆ ಮಾತ್ರ ಜೋಡಿ ಸಾಕಾಗಲಿಲ್ಲ. ವಾಡೆಯಲ್ಲೇ ಹುಟ್ಟಿದ ಮರಿ ವಾಡೆಯಲ್ಲೇ ಬೆಳೆಯಬೇಕು ಎಂಬ ಹಟ. ಮೊದಲ ಮರಿ ಮೂಲೆಯಲ್ಲಿ ಒಂದೇ ಮಲಗಿದ್ದಾಗ ಗಟಾರದಿಂದ ನಾಯಿ ನುಗ್ಗಿ ಕೊಂದುಹಾಕಿತ್ತು. ಅವರು ಅಂದು ಊಟ ಬಿಟ್ಟರು. ತಾಯಿ ಮರಿಯನ್ನು ಬಿಟ್ಟು ದೂರ ನಿಂತಿತ್ತು, ಅದಕ್ಕೇ ಹೀಗಾಯಿತು ಎಂದು ಅವರ ತಲೆಯಲ್ಲಿ ಕೂತುಬಿಟ್ಟಿತು. ಗಟಾರಕ್ಕೆ ಕಲ್ಲು ಹಾಕಿಸಿದರು, ಆದರೂ ಆ ಮಾತು ಅವರ ತಲೆಯಿಂದ ಇಳಿಯಲಿಲ್ಲ.

ಯುಗಾದಿಯ ಆಸುಪಾಸು ಚಿಗರಿ ಮತ್ತೆ ಈಯಿತು. ಅಡಿಗೆಮನೆಯ ಕಿಟಕಿಯಿಂದ ಹಿತ್ತಲು ಪೂರಾ ಕಾಣುತ್ತಿತ್ತು. ಮರಿ ತೊಡರುಗಾಲು ಹಾಕುತ್ತ ಹೋಗಿ ಜೋಳದ ಕಣಿಕೆಯ ಬಣವೆಯ ಸಂದಿಯಲ್ಲಿ ಮಲಗಿತು. ತಾಯಿ ಅತ್ತ ತಿರುಗಿಯೂ ನೋಡದೆ ಆಚೆಯ ಗೋಡೆಗೆ ಹೋಗಿ ನಿಂತಿತು. ಇದನ್ನೂ ಬಿಟ್ಟಿತು ಎಂದೇ ನಾನೂ ಅಂದುಕೊಂಡೆ. ಆದರೆ ಮಧ್ಯಾಹ್ನ ಗಂಡಸರೆಲ್ಲ ಉಂಡು ಅಡ್ಡಾದಾಗ ನೋಡುತ್ತೇನೆ, ತಾಯಿ ಸದ್ದಿಲ್ಲದೆ ಬಂತು, ಮೊಲೆ ಕೊಟ್ಟಿತು, ನೆಕ್ಕಿತು, ಮತ್ತೆ ದೂರ ಹೋಗಿ ಏನೂ ಗೊತ್ತಿಲ್ಲದವರ ಹಾಗೆ ನಿಂತಿತು. ಮರಿ ನೆಲಕ್ಕೆ ಅಂಟಿ ಮಲಗಿತು. ಅಬ್ಬಾ, ಎಂಥ ಜಾಣೆ! ಅದು ಮರಿಯನ್ನು ಬಿಟ್ಟಿರಲಿಲ್ಲ, ಬಚ್ಚಿಟ್ಟಿತ್ತು.

ಇಳಿಹೊತ್ತಿಗೆ ಮಾವನವರು ಬಂದರು. "ಅಯ್ಯಯ್ಯ, ಮತ್ತ ಬಿಟ್ಟು ನಿಂತೈತಲ್ಲೋ!" ಎಂದು ಕೂಗಿದರು. ಆಮೇಲೆ ಆಕಳು ಈದಾಗ ನಮ್ಮಲ್ಲಿ ಏನೇನು ಮಾಡುತ್ತಾರೋ ಅದೆಲ್ಲ ನಡೆಯಿತು. ಮರಿಯನ್ನು ಎತ್ತಿ ತಂದು ಬಿಸಿನೀರಲ್ಲಿ ತೊಳೆದರು. ಹಣೆಗೆ ಅರಿಶಿಣ, ಕೊರಳಿಗೆ ಕರಿದಾರ. ತಾಯಿ ನೆಕ್ಕಲಿ ಎಂದು ಅದರ ಮುಂದೆ ಗೂಟ ಬಡಿದು ಕಟ್ಟಿದರು. ತಾಯಿ ಜಿಗಿದು ಇನ್ನೊಂದು ಮೂಲೆಗೆ ಓಡಿತು. ಗೂಟ ಕಿತ್ತು ಅಲ್ಲಿ ಬಡಿದರು. ಅದು ಮತ್ತೆ ಓಡಿತು. ನಾಯಿಯ ಭಯಕ್ಕೆ ಸುತ್ತ ಆಳುಗಳನ್ನು ಕಾವಲು ಕೂರಿಸಿದರು. ಜನರಿರುವಾಗ ಅದು ಹತ್ತಿರ ಹೇಗೆ ಬಂದೀತು? ಅರಿವೆಯ ಬತ್ತಿ ಮಾಡಿ ಆಕಳ ಹಾಲು ಬಾಯಿಗೆ ಹನಿಸಿದರೆ ಮರಿ ಮೋರೆ ತಿರುವಿತು.

ಅತ್ತೆಯ ಹತ್ತಿರ ಕಂಡದ್ದು ಹೇಳಿದೆ. "ಸುಮ್ನಿರ ತಂಗಿ. ಆಕಳ ಬಾಣಂತನ ಮಾಡಿ ಮಾಡಿ ತಲಿ ಬೆಳ್ಳಗಾಗೇದ ನಂದು. ಕರುನ ತಾಯಿ ಮುಂದ ಕಟ್ಟದ ಎಲ್ಲಿ ಕಟ್ಟತಾರ?" ಎಂದರು. ಗಂಡನಿಗೆ ಹೇಳಿದರೆ, "ಚಿಗರಿ ವಿಷಯದಾಗ ಅಪ್ಪಗ ನಾ ಬುದ್ಧಿ ಹೇಳ್ಲ್ಯಾ? ಮನಿ ಬಿಟ್ಟು ಹೋಗಂತಿ ಏನ?" ಎಂದು ನಕ್ಕರು. ನಾನು ಹೇಳೋಣವೆಂದರೆ, ಸೊಸೆ ಮಾವನೆದುರು ಬರುವಂತಿಲ್ಲ, ದನಿ ಕೇಳಿಸುವಂತಿಲ್ಲ. ಬೆಂಕಿ ಹಚ್ಚಬೇಕು ಆ ಪದ್ಧತಿಗೆ! ಕಿಟಕಿಯ ಸರಳು ಹಿಡಿದು ನಿಂತು ನೋಡಿದೆ. ಮರಿಯ ದನಿ ಗಂಟೆ ಗಂಟೆಗೂ ಸಣ್ಣಗಾಗುತ್ತಿತ್ತು.

ಮರುದಿನ ತಾಯಿಗೇ ಹಗ್ಗ ಹಾಕಿ ಎಳೆದು ತರುವಾಗ ನನಗೆ ತಡೆದುಕೊಳ್ಳಲಾಗಲಿಲ್ಲ. ಸೆರಗು ಎಲ್ಲಿತ್ತೋ ಏನೋ, ಹಿತ್ತಲಿಗೆ ಓಡಿದೆ. "ಬಿಡ್ರಿ ಅದನ್ನ! ನೀವೆಲ್ಲಾ ಒಳಗ ಹೋದ್ರ ತಾನ ಮೊಲಿ ಕೊಡತೈತಿ, ನಾ ಕಣ್ಣಾರೆ ನೋಡೇನ್ರಿ!" ಎಂದು ಒದರಿದೆ. ಆಳುಗಳು ತಲೆ ತಗ್ಗಿಸಿದರು. ಮಾವನವರು ಮೋರೆ ಆ ಕಡೆ ಮಾಡಿದರು. ಅತ್ತೆ ರಟ್ಟೆ ಹಿಡಿದು ಒಳಗೆ ಎಳೆದೊಯ್ದರು. ಇಡೀ ದಿನ ಮನೆಯಲ್ಲಿ ಅದೇ ಮಾತು: ಸೊಸೆ ಬರಿತಲೆಯಲ್ಲಿ ಹೊರಗೆ ಬಂದಳು, ಗಂಡಸರ ಮುಂದೆ ಒದರಿದಳು. ಏನೆಂದು ಒದರಿದಳು ಎಂದು ಒಬ್ಬರೂ ಕೇಳಲಿಲ್ಲ.

ಸಂಜೆ ಮರಿ ಗೂಟದಲ್ಲೇ ಸತ್ತಿತು. ಮಾವನವರು ಅದನ್ನು ತೊಡೆಯ ಮೇಲೆ ಹಾಕಿಕೊಂಡು ಗಳಗಳ ಅತ್ತರು. ಅವರ ಮೇಲೆ ಸಿಟ್ಟು ಮಾಡಲಿಕ್ಕೂ ನನ್ನಿಂದಾಗಲಿಲ್ಲ.

ಪಂಚಮಿಗೆ ತವರಿಗೆ ಹೋಗಿ ಬಂದೆ. ಚಿಗರಿಯ ದುಃಖ ಸೊಸೆಗೆ ಬಹಳ ಹತ್ತಿದೆ ಎಂದು ಮಾವನವರು ನನಗಾಗಿ ಹಿತ್ತಲನ್ನು ಹೊಸದು ಮಾಡಿಸಿದ್ದರು. ಬಣವೆ ಕೀಳಿಸಿದ್ದರು, ಗಿಡ ಕಡಿಸಿದ್ದರು, ನೆಲ ಸಾರಿಸಿದ್ದರು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ನನಗೆ ಕೇಳಲಿ ಎಂದೇ ಅತ್ತೆಗೆ ಗಟ್ಟಿಯಾಗಿ ಹೇಳಿದರು: "ಆಕಿಗೆ ಅಳಬ್ಯಾಡ ಅಂತ ಹೇಳ. ಈ ಸಲ ಮರಿಗೆ ಅಡಗಲಿಕ್ಕೆ ಒಂದ ಮೂಲಿನೂ ಬಿಟ್ಟಿಲ್ಲ." ಚಿಗರಿ ಬಯಲಲ್ಲಿ ಗೋಡೆಯ ಗುಂಟ ಸುತ್ತುತ್ತಿತ್ತು. ಅದರ ಹೊಟ್ಟೆ ಆಗಲೇ ತುಂಬಿತ್ತು.