ಹೂವು ಬಿಡೋ ಮೊದಲೇ ದಾಸವಾಳದ ಗುರುತು

ಮೊಮ್ಮಗಳು ದಾಸವಾಳದ ಎಲೆ ಅರೆದು ಡಾಕ್ಟರಾಗ್ತೀನಿ ಅಂದಾಗ ನನಗೆ ನಗು ಬಂತು. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಸೂಜಿ ಚುಚ್ಚೋ ಡಾಕ್ಟರಲ್ಲ, ಪಿಎಚ್‌ಡಿ ಡಾಕ್ಟರು ಅಂತ ಕೂರಿಸಿಕೊಂಡು ಬಿಡಿಸಿ ಹೇಳಿದಳು. ಒಂದೊಂದು ತಳಿಗೂ ಒಳಗೆ ಒಂದೊಂದು ಗುರುತಿರುತ್ತಂತೆ. ಎಲೆಯಿಂದ ಡಿಎನ್ಎ ತೆಗೆದರೆ ಅದು ಫೋಟೋದಲ್ಲಿ ಪಟ್ಟೆಪಟ್ಟೆಯಾಗಿ ಬೀಳುತ್ತೆ, ಹೂವಿಗೆ ಕಾಯದೆ ಇದು ಇಂಥ ದಾಸವಾಳ ಅನ್ನಬಹುದು. ಆ ಗುರುತು ಹಿಡಿಯೋ ದಾರಿ ಅವಳೇ ಹುಡುಕಬೇಕಿತ್ತು.

ಹುಲ್ಲಹಳ್ಳಿ, ತಲಕಾಡು, ನರಸೀಪುರ ಅಂತ ಬಸ್ಸಲ್ಲಿ ಅಲೆದು ಒಂದೊಂದು ಬಣ್ಣದ ಹೂವಿನ ಗಿಡದ ಕಡ್ಡಿ ತಂದು, ನಂಜನಗೂಡಿನ ನಮ್ಮ ಮನೆ ಮುಂದೆ ಕುಂಡಗಳಲ್ಲಿ ನೆಟ್ಟು, ಮೇಲೆ ಊರಿನ ಹೆಸರು ಬರೆದಳು.

ಶುರುವಿನಿಂದಲೂ ಕಾಟ. ದಾಸವಾಳದ ಎಲೆ ಅರೆದರೆ ಬರೀ ಲೋಳೆ. ತಲೆಗೆ ಹಚ್ಚಿಕೊಳ್ಳೋಕೆ ಚೆನ್ನ, ಅವಳ ಕೆಲಸಕ್ಕೆ ಕೇಡು. ಪಟ್ಟೆ ಬೀಳಲೇ ಇಲ್ಲ. ಎಲೆ ಕೀಳೋಕೆ ಬಂದಾಗಲೆಲ್ಲ ಮುಖ ಸಣ್ಣಗೆ.

"ಬಿತ್ತೇನವ್ವ?"

"ಕೇಳಬೇಡ ಸುಮ್ನಿರು ತಾತ."

ನಾನು ಕೇಳದೆ ಇರಲಾರೆ, ಅವಳು ರೇಗದೆ ಇರಲಾರಳು.

ಎಳೇ ಎಲೆ ಕಿತ್ತು, ಲೋಳೆ ತೆಗೆದು ತೆಗೆದು, ಅಂತೂ ಪಟ್ಟೆ ಬಿತ್ತು. ಬಿದ್ದ ಮೇಲೆ ಇನ್ನೂ ಸಂಕಟ. ಕುಂಡದವು ಇನ್ನೂ ಹೂವು ಬಿಟ್ಟಿರಲಿಲ್ಲ. ಫೋಟೋ ತಂದು ಜಗಲಿ ಮೇಲೆ ಬಿಸಾಕಿದಳು. ನರಸೀಪುರದ್ದೊಂದು ಬಿಟ್ಟು ಮಿಕ್ಕ ಮೂರೂ ಒಂದೇ ಥರ: ಹುಲ್ಲಹಳ್ಳಿಯದು, ತಲಕಾಡಿನದು, ನಮ್ಮ ಬಾವಿ ಹತ್ತಿರದ ಹಳೇ ಗಿಡದ್ದು.

"ತಲಕಾಡಿನದು ಬಿಳಿ, ಹುಲ್ಲಹಳ್ಳಿಯದು ಹಳದಿ, ನಮ್ಮದು ಕೆಂಪು. ಅದನ್ನೇ ಬೇರೆ ಮಾಡಲ್ಲ ಅಂದ್ರೆ ಇದು ಯಾತಕ್ಕೆ ತಾತ? ನಮ್ಮ ಸರ್ ಬೇರೆ ಕೆಲಸ ಹಿಡಿ ಅಂತಿದಾರೆ. ಬಿಟ್ಟುಬಿಡ್ತೀನಿ."

ನಮ್ಮ ಮನೆಯವಳು ಬಾಗಿಲಲ್ಲಿ ಕೂತು ಅವರೆಕಾಯಿ ಸುಲೀತಿದ್ದಳು. "ಬಿಳೀದು, ಹಳದೀದು ಎಲ್ಲೈತೆ ಮಗ? ಅವೆರಡೂ ಒಣಗೋದ್ವಲ್ಲ. ನೀನು ನೊಂದ್ಕೊತೀಯ ಅಂತ ಬಾವಿ ತಾವಿನ ಗಿಡದ ಕಡ್ಡಿನೇ ಮುರಿದು ನೆಟ್ಟೆ. ಮನೆ ಮುಂದೆ ಬರೀ ಕುಂಡ ಇರಬಾರ್ದು ಕಣವ್ವ."

ನನಗೆಲ್ಲಿತ್ತೋ ಸಿಟ್ಟು. "ಲೇ, ಸುಮ್ನಿರೋಕೆ ಆಗಲ್ವ ನಿನಗೆ? ಮಗೀನ ಓದು ಹಾಳ್ಮಾಡ್ದೆಯಲ್ಲೇ."

"ನಿಮ್ ಕಣ್ಮುಂದೇನೆ ನೆಟ್ಟಿದ್ದು. ದಿನಾ ನೀರು ಉಯ್ದೋರು ಯಾರು, ಪಕ್ಕದ ಮನೆಯೋರಾ?"

ಮೊಮ್ಮಗಳು ನಮ್ಮ ಜಗಳ ಕೇಳಿಸಿಕೊಳ್ಳಲಿಲ್ಲ. ಫೋಟೋ ಎತ್ತಿಕೊಂಡು ಪಟ್ಟೆ ಮೇಲೆ ಬೆರಳಾಡಿಸಿದಳು. "ಅಜ್ಜಿ, ಮೂರೂ ಒಂದೇ ಗಿಡ ಅಂತ ನಿನಗಿಂತ ಮುಂಚೆ ಈ ಪಟ್ಟೆನೇ ಹೇಳಿಬಿಟ್ಟಿದೆ. ಸರಿಯಾಗೇ ಹೇಳಿದೆ."

ಮಾರನೇ ದಿನವೇ ಹುಲ್ಲಹಳ್ಳಿ, ತಲಕಾಡು ಸುತ್ತಿ ಎಲೆ ತಂದೆವು. ಬಸ್ಸಿನಲ್ಲಿ ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ. ಆಮೇಲಿನ ಫೋಟೋದಲ್ಲಿ ಬಿಳಿ, ಹಳದಿ, ಕೆಂಪು ಹೂವಿನ ಗಿಡಗಳ ಪಟ್ಟೆ ಬೇರೆಬೇರೆಯಾಗಿ ಬಿದ್ದಿವೆ. ಅದನ್ನ ಓದೋಕೆ ನನಗೆ ಬರಲ್ಲ, ಆದರೆ ಬೇರೆ ಅಂತ ಚೆನ್ನಾಗಿ ಕಾಣುತ್ತೆ. ಗೋಡೆಗೆ ಹಾಕಿಸಿದೀನಿ, ಬಂದವರಿಗೆಲ್ಲ ತೋರಿಸ್ತೀನಿ.