ಅಷ್ಟೇ ಹೇಳಿ
ಈ ಸುದ್ದಿ ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸಂದರ್ಶನ ಮಾಡುವ ಮಹಾಶಯನನ್ನು ನೋಡಬೇಕು. ಹತ್ತಕ್ಕೆ ಬರಹೇಳಿ ಒಂದೂವರೆಗೆ ಒಳಗೆ ಕರೆಯುತ್ತಾನೆ. ಎದುರಿಗೆ ಹೆತ್ತ ತಾಯಿಯೇ ಬಂದು ಕೂತರೂ ಅವನ ಕಣ್ಣು ಗೋಡೆಯ ಟಿವಿ ಬಿಟ್ಟು ಕದಲದು. ಹತ್ತು ಲಕ್ಷ ಜನ ಒಟ್ಟಿಗೆ ಆ್ಯಪ್ ತೆರೆದರೆ ಏನು ಮಾಡುತ್ತೀರಿ ಎಂದು ಕೇಳುತ್ತಾನೆ, ನಾವು ಬಾಯಿ ತೆರೆಯುವಷ್ಟರಲ್ಲಿ ಟಿವಿ ಚರ್ಚೆಯ ನಿರೂಪಕನಂತೆ ಬೆರಳೆತ್ತುತ್ತಾನೆ: "ಟೈಮಿಲ್ಲ ಮೇಡಂ, ಆ್ಯಪ್ ತಡ್ಕೊಳ್ಳುತ್ತೋ ಇಲ್ವೋ, ಅಷ್ಟೇ ಹೇಳಿ!" ಕೊನೆಗೆ "ತಿಳಿಸ್ತೀವಿ" ಅನ್ನುತ್ತಾನೆ, ಯಾರಿಗೂ ತಿಳಿಸಿದವನಲ್ಲ. ಮೂರನೇ ಸಲ ಕರೆಸಿ ಅದನ್ನೇ ಕೇಳಿದಾಗ ನನಗೆ ಪಿತ್ತ ನೆತ್ತಿಗೇರಿತು. ನಾನೂ ಬೆರಳೆತ್ತಿದೆ: "ಇಲ್ಲಿ ಕೆಲಸ ಇದ್ಯೋ ಇಲ್ವೋ, ಅಷ್ಟೇ ಹೇಳಿ!" ಅವನು ಮೊದಲ ಬಾರಿಗೆ ಟಿವಿಯಿಂದ ಕಣ್ಣು ಕಿತ್ತು, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದ: "ನಂದೇ ಇದ್ಯೋ ಇಲ್ವೋ ಗೊತ್ತಿಲ್ಲಮ್ಮ."