ಖಾಲಿ ಹೋಗದ ಬೋಗಾಣಿ

ನಿನ್ನೆ ಪಕ್ಕದ ಮನೆಯ ಹುಡುಗಿ ನನ್ನ ಡಬ್ಬಿಯನ್ನು ಫಳಫಳ ತೊಳೆದು, ಖಾಲಿಯಾಗಿಯೇ ತಿರುಗಿ ಕೊಟ್ಟಳು. ಅವಳ ತಪ್ಪೇನಿಲ್ಲ, ಈಗಿನವರಿಗೆ ಹೇಳಿಕೊಟ್ಟವರು ಯಾರು? ಆದರೆ ಒಳಗೆ ಟೀವಿಯಲ್ಲಿ ಗಡಿಯ ಸುದ್ದಿ, ಕೈಯಲ್ಲಿ ಬರಿದಾದ ಡಬ್ಬಿ... ತವರೂರು ಬೆಟಗೇರಿಯಲ್ಲಿ ಬಾಲವಾಡಿಯ ಟೀಚರಾಗಿದ್ದ ಅಕ್ಕೋರು ನೆನಪಾಗಿ ಕುಂತಲ್ಲಿ ಕೂಡಲಾಗಲಿಲ್ಲ.

ನಮ್ಮದು ನೇಕಾರರ ಓಣಿ. ಅಪ್ಪ ಮಗ್ಗದ ಕುಣಿಗೆ ಇಳಿದರೆ ಅವ್ವ ಪಕ್ಕದಲ್ಲಿ ಕೂತು ನೂಲು ಸುತ್ತಿ ಕೊಡಬೇಕು. ತೆವಳುವ ಕೂಸನ್ನು ಹಳೇ ಸೀರೆಯ ತುಂಡಿನಿಂದ ಕಂಬಕ್ಕೆ ಕಟ್ಟುವುದು ಓಣಿಯ ರೂಢಿ. ಅಕ್ಕೋರು ಗುಡಿಯ ಪಡಸಾಲೆಯಲ್ಲಿ ಸರ್ಕಾರದ ಬಾಲವಾಡಿ ತೆರೆದ ಮೇಲೆ ಆ ಗಂಟುಗಳು ಬಿಚ್ಚಿದವು. ತಮ್ಮ ಅಲ್ಲಿ ಗೋಧಿ ನುಚ್ಚಿನ ಉಪ್ಪಿಟ್ಟು ತಿಂದು ಮಲಗುತ್ತಿದ್ದ. ಅವನು ಅಲ್ಲಿದ್ದಾನೆಂದೇ ನಾನು ಶಾಲೆಗೆ ಹೋಗುತ್ತಿದ್ದೆ.

ಎಪ್ಪತ್ತೊಂದರ ಯುದ್ಧ ಬಂತು. ಕಚೇರಿಯ ಕಾರಕೂನರು ಜವಾನನನ್ನು ಕರೆದುಕೊಂಡು ಬಂದು, ಇನ್ನು ನುಚ್ಚು ಬರುವುದಿಲ್ಲ, ಉಪ್ಪಿಟ್ಟು ಬೇಯಿಸುವ ಸರ್ಕಾರದ ಬೋಗಾಣಿ ಜಮಾ ಮಾಡಿ ಎಂದರು. ತಮ್ಮನನ್ನು ಕರೆದೊಯ್ಯಲು ಬಂದಿದ್ದ ಅವ್ವ, ಶಾಲೆ ಬಿಟ್ಟು ಅಲ್ಲಿಗೇ ಬಂದಿದ್ದ ನನ್ನ ಕಡೆ ನೋಡಿದಳು. "ನಾಳಿಂದ ತಮ್ಮನ್ನ ನೀನ ನೋಡ್ಕೋಬೇಕವಾ. ಸಾಲಿ ಸಾಕು." ನಾನು ಪಾಟಿಚೀಲವನ್ನು ಅವುಚಿಕೊಂಡೆ.

"ಲಡಾಯಿ ನಡದೈತ್ರಿ ಅಕ್ಕೋರ. ಮೊದಲ ಮದ್ದು-ಗುಂಡು, ಆಮ್ಯಾಲೆ ಉಪ್ಪಿಟ್ಟು," ಎಂದು ಕಾರಕೂನರು ನಕ್ಕರು.

ಅಕ್ಕೋರು ನಗಲಿಲ್ಲ. "ನನ್ನ ಮಗಾನೂ ಅಲ್ಲೇ ಗಡಿ ಮ್ಯಾಲ ಅದಾನ್ರಿ ಸಾಹೇಬ್ರ. ಅವಂಗ ಗುಂಡು ಕೊಡಬ್ಯಾಡ್ರಿ ಅಂದೇನೇನು? ಈ ಕೂಸುಗೋಳ ಗಂಗಾಳದಾಗಿಂದ ತಗದ ಕೊಡಬೇಕೇನ್ರಿ?"

ಜವಾನ ಬೋಗಾಣಿಗೆ ಕೈ ಹಾಕಿದ. ಅಕ್ಕೋರು ತಡೆದು, ಮನೆಯಿಂದ ಜೋಳ ತಂದು ತಳ ಮುಚ್ಚುವಷ್ಟು ಸುರಿದರು. "ಖಾಲಿ ಪಾತ್ರಿ ಕಳಸೂದು ನಮ್ಮ ಪದ್ಧತಿ ಅಲ್ರಿ. ಈಗ ಒಯ್ರಿ."

ಕಾರಕೂನರೂ ನಮ್ಮ ಸೀಮೆಯವರೇ ತಾನೇ! ಕಾಳು ಹೊತ್ತು ಬಂದ ಪಾತ್ರೆಯನ್ನು ಇಟ್ಟುಕೊಳ್ಳಬಾರದು, ಹಿಂದಿರುಗಿಸುವಾಗ ಬರಿದಾಗಿ ಕೊಡಬಾರದು ಎಂಬ ಪದ್ಧತಿ ಅವರ ಮನೆಯಲ್ಲೂ ಇತ್ತು. ಆ ವಾರದ ಸಂತೆಯ ದಿನ ಜವಾನನ ಸೈಕಲ್ಲಿನ ಮೇಲೆ ಬೋಗಾಣಿ ತಿರುಗಿ ಬಂತು, ಅದರ ತುಂಬ ನುಚ್ಚು.

"ಸರ್ಕಾರದ್ದಲ್ರಿ ಮತ್ತ! ಈ ಬೋಗಾಣಿ ತುಂಬಿ ಕಳಸೂತನಕ ಸಾಹೇಬ್ರನ್ನ ಅವರ ಮನಿಯವರು ಊಟಕ್ಕ ಕುಂಡ್ರಗೊಡವಲ್ರಂತ," ಎಂದ ಜವಾನ.

ಆ ನುಚ್ಚು ಎಷ್ಟು ದಿನ ಬಂದೀತು? ಮುಗಿದ ಮೇಲೆ ಅವ್ವಂದಿರು ಸೆರಗಿನಲ್ಲಿ ಹಿಡಿ ಹಿಡಿ ಜೋಳ ತಂದು ಅದೇ ಬೋಗಾಣಿಗೆ ಹಾಕಿದರು; ಅಕ್ಕೋರು ಪಗಾರವಿಲ್ಲದೆ ನಡೆಸಿದರು. ನಾನು ಶಾಲೆ ಬಿಡಲಿಲ್ಲ. ಕೂಸುಗಳ ಬಾಯಿಗೆ ತುತ್ತಿಡುವಾಗಲೂ ಅಕ್ಕೋರ ಕಣ್ಣು ಬೀದಿಯ ಮೇಲೆ. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಕೈಯ ಸವಟು ಹಾಗೇ ನಿಲ್ಲುತ್ತಿತ್ತು...

ಗೆದ್ದೆವೆಂದು ಬಜಾರದಲ್ಲಿ ಪೇಡೆ ಹಂಚಿದರು. ದೇವರು ದೊಡ್ಡವನು, ಮಗ ಬಂದ. ನುಚ್ಚು ಬರಲಿಲ್ಲ. ಎಂಬತ್ತರ ನಂತರ ಓಣಿಗೆ ಅಂಗನವಾಡಿ ಬರುವ ಹೊತ್ತಿಗೆ ಅಕ್ಕೋರಿಗೆ ವಯಸ್ಸು ಮೀರಿದೆ ಎಂದು ಕೆಲಸ ಕೊಡಲಿಲ್ಲ. ನಾನು ಆಗಲೇ ಮದುವೆಯಾಗಿ ಮುಂಡರಗಿಗೆ ಬಂದಿದ್ದೆ. ಅವರು ತೀರಿಕೊಂಡ ಖಬರು ಮಣ್ಣಾದ ಮೇಲೆ ಮುಟ್ಟಿತು.

ಟೀವಿ ಇವತ್ತೂ ಲಡಾಯಿ, ಲಡಾಯಿ ಎಂದು ಕೂಗುತ್ತಲೇ ಇದೆ. ಡಬ್ಬಿಗೆ ಒಂದು ಹಿಡಿ ಜೋಳ ಹಾಕಿದ್ದೇನೆ. ಅಕ್ಕೋರ ಎದುರಿಗೆ ಕಾರಕೂನರಾದರೂ ಇದ್ದರು; ನಾನು ಯಾರ ಮನೆಗೆ ಒಯ್ಯಬೇಕೆಂದು ತಿಳಿಯದೆ, ಅದನ್ನು ಹಿಡಿದುಕೊಂಡೇ ಒಳಗೂ ಹೊರಗೂ ತಿರುಗುತ್ತಿದ್ದೇನೆ.